ತಾರು ನಡೆದು ಬಂದ ದಿನ

ಮೊನ್ನೆ ನನ್ನ ಮೊಮ್ಮಗಳು ಫೋನು ತಂದು ನನ್ನ ಮೂಗಿಗೆ ಹಿಡಿದಳು. "ಮುತ್ಯಾ, ನೋಡ್ರಿ ಇಲ್ಲಿ, ನಿಮ್ಮಂಥೋರ ಅದಾರ!" ಕನ್ನಡಕ ಏರಿಸಿ ನೋಡಿದೆ. ಯಾವುದೋ ದೂರದ ದೇಶದ ಹಳೆಯ ಗಿರಣಿ ಊರು. ಹಿಂದೆ ಹೊಗೆ ಕಾರುವ ಚಿಮಣಿಗಳು, ಮುಂದೆ ಸಾಲಾಗಿ ನಿಂತ ಹುಡುಗರು. ತಲೆಗೆ ಡಬ್ಬಿಯಂಥ ಟೋಪಿ, ಸೊಂಟಕ್ಕೆ ಅಗಲವಾದ ಪಟ್ಟಿ, ಪಟ್ಟಿಗೆ ಚರ್ಮದ ಚೀಲ. ತಾರು, ಅಂದರೆ ಟೆಲಿಗ್ರಾಂ, ಹಂಚುವ ಹುಡುಗರಂತೆ. ಒಬ್ಬನ ಮುಖದಲ್ಲೂ ನಗು ಇರಲಿಲ್ಲ. ಆ ಟೋಪಿ ಹಾಕಿಸಿದರೆ ನಾನೂ ನಗುತ್ತಿರಲಿಲ್ಲ.

"ನಿಮ್ಮ ಟೋಪಿ ಎಲ್ಲಿ ಅದ ಮುತ್ಯಾ?" ಎಂದಳು.

"ಟೋಪಿ ಇರಲಿಲ್ಲವ್ವ, ತಲಿ ಇತ್ತು," ಎಂದೆ. ಒಳಗಿನಿಂದ ನನ್ನ ಮನೆಯಾಕೆ, "ಅದೂ ಇತ್ತೋ ಇಲ್ಲೋ, ಯಾರು ನೋಡ್ಯಾರ?" ಎಂದಳು. ನಮ್ಮ ಮನೆಯಲ್ಲಿ ನನಗೆ ಮರ್ಯಾದೆ ಸಿಗುವುದು ಹೀಗೆಯೇ, ಬಾಗಿಲ ಮರೆಯಿಂದ.

ಆದರೆ ಆ ಫೋಟೋ ನನ್ನ ತಲೆಯಿಂದ ಇಳಿಯಲಿಲ್ಲ. ಆ ಹುಡುಗರ ಮೊಣಕಾಲು ನೋಡಿದೆ. ಓಡಿ ಓಡಿ ಗಟ್ಟಿಯಾದ ಮೊಣಕಾಲು. ನನ್ನವೂ ಹಾಗೇ ಇದ್ದವು. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರಿನ ಓಣಿಗಳಲ್ಲಿ ನನ್ನ ಸೈಕಲ್ಲು ತುಳಿಯದ ಕಲ್ಲಿಲ್ಲ. ಸುರಪುರದಲ್ಲಂತೂ ಕಲ್ಲು ಬಿಟ್ಟರೆ ತುಳಿಯಲು ಬೇರೇನೂ ಇಲ್ಲ.

ಈಗಿನವರಿಗೆ ತಾರು ಎಂದರೇನು ಎಂದು ತಿಳಿಸುವುದೇ ಕಷ್ಟ. ಬೆಳಗಾದರೆ ಗುರುಮಠಕಲ್ಲಿನ ನನ್ನ ಬೀಗರು ಫೋನಿಗೆ ಗುಲಾಬಿ ಹೂ ಕಳಿಸುತ್ತಾರೆ. ಮಧ್ಯಾಹ್ನ ಒಂದು ಹೂ, ಸಂಜೆಗೆ ಇನ್ನೊಂದು. ಮನೆಯಲ್ಲಿ ಮಗು ಹುಟ್ಟಿದರೂ ಹೂ, ಯಾರಾದರೂ ತೀರಿಕೊಂಡರೂ ಹೂ. ಟಿಣ್ ಎನ್ನುತ್ತದೆ, ನೋಡುತ್ತೇವೆ, ಮರೆಯುತ್ತೇವೆ. ನಮ್ಮ ಕಾಲದಲ್ಲಿ ಒಂದು ತಾರು ಬಂದರೆ ಆ ಓಣಿ ಒಂದು ವರ್ಷ ಅದನ್ನೇ ಮಾತಾಡುತ್ತಿತ್ತು. "ಅವರ ಮನಿಗೆ ತಾರು ಬಂದಿತ್ತಲ್ಲ, ಆ ವರ್ಷ ನಮ್ಮೆಮ್ಮಿ ಕರು ಹಾಕಿತ್ತು" ಎಂದು ಲೆಕ್ಕ ಹಿಡಿಯುವವರಿದ್ದರು.

ನನಗೆ ಆ ಕೆಲಸ ಸಿಕ್ಕಿದ್ದೂ ಒಂದು ತಮಾಷೆಯೇ. ಮೀಸೆ ಇನ್ನೂ ಮೂಡುವುದೋ ಬೇಡವೋ ಎಂದು ಯೋಚಿಸುತ್ತಿದ್ದ ವಯಸ್ಸು. ಯಾದಗಿರಿಯ ಆಫೀಸಿನಲ್ಲಿ ಸಾಹೇಬರು ಎರಡು ಪ್ರಶ್ನೆ ಕೇಳಿದರು. ವಿಳಾಸ ಓದಲು ಬರುತ್ತದೆಯೇ, ಸೈಕಲ್ಲು ಬರುತ್ತದೆಯೇ. ಓದಲು ಬರುತ್ತಿತ್ತು. ಸೈಕಲ್ಲು ಮಾತ್ರ ನಳಿಕೆಯ ನಡುವೆ ಕಾಲು ತೂರಿಸಿ ತುಳಿಯಲು ಬರುತ್ತಿತ್ತೇ ಹೊರತು ಸೀಟಿನ ಮೇಲೆ ನಾನು ಯಾವತ್ತೂ ಕೂತವನಲ್ಲ. "ಬರ್ತದ್ರಿ ಸಾಹೇಬ್ರ," ಎಂದು ಎದೆ ಸೆಟೆಸಿ ಹೇಳಿ, ಅಂಗಳದಲ್ಲಿ ಸೀಟಿನ ಮೇಲೆ ಹತ್ತಿ ಹೊಡೆದೇ ಬಿಟ್ಟೆ. ಇಳಿಯಲು ಬರಲಿಲ್ಲ. ಬೇವಿನ ಗಿಡ ಇತ್ತು, ಅದೇ ನನ್ನನ್ನು ಇಳಿಸಿತು. ಸಾಹೇಬರು ನಕ್ಕು, "ಹತ್ತಾಕ ಬರ್ತದಲ್ಲ, ಸಾಕು. ಇಳಿಯೋದು ಜನರ ಕಲಿಸ್ತಾರ," ಎಂದರು. ನಾನು ಜೀವನದಲ್ಲಿ ಎಲ್ಲ ಕೆಲಸವನ್ನೂ ಹೀಗೇ ಮೊದಲು ಹತ್ತಿ ಆಮೇಲೆ ಕಲಿತವನು. ಮದುವೆಯೂ ಅದರಲ್ಲಿ ಸೇರಿತು.

ಆಫೀಸಿನ ಖಾಕಿ ಚಡ್ಡಿ ಒಂದೇ ಅಳತೆಯದು. ಅದರೊಳಗೆ ನನ್ನಂಥ ಇಬ್ಬರು ಹಿಡಿಯುತ್ತಿದ್ದರು. ನನ್ನವ್ವ ಅದನ್ನು ಹಿಂದೆ ಮಡಿಸಿ ಹೊಲಿದು ಕೊಟ್ಟಳು. ಗಾಳಿಗೆ ಎದುರಾಗಿ ಸೈಕಲ್ಲು ಹೊಡೆದರೆ ಚಡ್ಡಿಯಲ್ಲಿ ಗಾಳಿ ತುಂಬಿ ನಾನು ಹಿಂದಕ್ಕೇ ಹೋಗುತ್ತಿದ್ದೆ ಎಂದು ನನ್ನ ತಮ್ಮ ಇವತ್ತಿಗೂ ಹೇಳುತ್ತಾನೆ. ಸುಳ್ಳು. ಸ್ವಲ್ಪ ನಿಧಾನವಾಗುತ್ತಿತ್ತು, ಅಷ್ಟೇ.

ಒಳಗೆ ತಾರು ಮಾಸ್ತರರ ಮೇಜಿನ ಮೇಲೆ ಯಂತ್ರ ಕಟ್ಟಕಡ ಕಟ್ಟಕಡ ಎನ್ನುತ್ತಿತ್ತು. ನಾವು ಹೊರಗೆ ಬೆಂಚಿನ ಮೇಲೆ ಕೂತು ಮಾಸ್ತರರ ಮುಖ ನೋಡುತ್ತಿದ್ದೆವು. ಅವರು ಬರೆಯುತ್ತ ತುಟಿ ಕಚ್ಚಿದರೆ ಕೆಟ್ಟದ್ದು. ಬಾಯಿಗೆ ಅಡಿಕೆ ಎಸೆದುಕೊಂಡರೆ ಒಳ್ಳೆಯದು. ತಾರಿನಲ್ಲಿ ಏನಿದೆ ಎಂದು ಯಾರಿಗೂ ಹೇಳಬಾರದು ಎಂಬುದು ಕಾಯಿದೆ. ಆದರೆ ಮುಖಕ್ಕೆ ಕಾಯಿದೆ ಎಲ್ಲಿಯದು?

ತಾರಿಗೆ ಹೆದರದವರು ಗಂಜಿನ, ಅಂದರೆ ಕಾಳುಕಡಿ ಪೇಟೆಯ, ಸಾಹುಕಾರರು ಮಾತ್ರ. ಅವರಿಗೆ ತೊಗರಿ ಧಾರಣೆ, ಹತ್ತಿ ಧಾರಣೆ ಎಂದು ದಿನಾ ತಾರು ಬರುತ್ತಿತ್ತು. ಗಾದಿಯ ಮೇಲೆ ಒರಗಿಕೊಂಡೇ ಕೈ ಚಾಚುತ್ತಿದ್ದರು. ಉಳಿದ ಜನಕ್ಕೆ ಖಾಕಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಸುರಪುರದಲ್ಲಿ ಒಬ್ಬ ಖಾಲಾ ಇದ್ದಳು, ವಯಸ್ಸಾದ ಹೆಂಗಸು, ಗಂಡುಮಕ್ಕಳೆಲ್ಲ ಹೈದರಾಬಾದಿನಲ್ಲಿ. ನಾನು ಬಾಗಿಲಿಗೆ ಹೋದರೆ ಅರ್ಧ ಕದ ತೆರೆದು ಕೇಳುತ್ತಿದ್ದಳು: "ಅಚ್ಛಾ ಖಬರ್ ಹೈ ತೋ ದೇ ಬೇಟಾ. ಬುರಾ ಹೈ ತೋ ನಕ್ಕೋ, ವಾಪಸ್ ಲೇ ಜಾ." ಒಳ್ಳೆಯದಿದ್ದರೆ ಕೊಡು, ಕೆಟ್ಟದ್ದಾದರೆ ಬೇಡ, ವಾಪಸ್ ಒಯ್ಯಿ! ಎಷ್ಟು ಸರಳ ನೋಡಿ. ಕೆಟ್ಟ ಸುದ್ದಿ ವಾಪಸ್ ಒಯ್ಯುವ ಅಧಿಕಾರ ನನಗಿದ್ದಿದ್ದರೆ ನಾನು ಇವತ್ತು ಈ ಜಿಲ್ಲೆಯ ದೇವರಾಗಿರುತ್ತಿದ್ದೆ.

ಖಾಕಿ ಕಂಡ ಕೂಡಲೇ ಅಳುವ ಈ ಜನರಿಗಾಗಿ ಯಾದಗಿರಿಯ ಖಾಸಿಂ ಚಾಚಾ ಒಂದು ಉಪಾಯ ಹೂಡಿದ್ದ. ಚಾಚಾ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ತಾರಿನವ, ನನ್ನ ಗುರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಟೇಷನ್ ಎದುರು ಚಹಾ ಕುಡಿಸುತ್ತ ಹೇಳಿದ: "ನೋಡು, ಚಲೋ ಖಬರಿದ್ರ ಓಣಿ ತುಂಬ ಗಂಟಿ ಹೊಡಕೊಂತ ಹೋಗು. ಕೆಟ್ಟ ಖಬರಿದ್ರ ಓಣಿ ತುದಿಗೇ ಇಳದುಬಿಡು. ಸೈಕಲ್ ಹಿಡಕೊಂಡು ಸಾವಕಾಶ ನಡಿ. ನೀ ಮನಿ ಮುಟ್ಟೋದ್ರಾಗ ಅವರ ಎದಿ ಗಟ್ಟಿ ಆಗಿರ್ತದ."

ಇದನ್ನು ಯಾವ ಸರ್ಕಾರವೂ ಬರೆದಿಡಲಿಲ್ಲ. ಆದರೆ ಜನ ಕಲಿತರು. ಗಂಟೆ ಕೇಳಿದರೆ ಮಕ್ಕಳು ಹಿಂದೆ ಓಡಿ ಬರುತ್ತಿದ್ದವು. ನಾನು ಇಳಿದು ನಡೆದರೆ, ಬೀಸುವ ಕಲ್ಲುಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಹೆಂಗಸರು ಸೆರಗು ಬಾಯಿಗೆ ಒತ್ತಿ ಹೊಸ್ತಿಲಿಗೆ ಬಂದು, ನಾನು ತಮ್ಮ ಮನೆ ದಾಟಿದೊಡನೆ ಉಸಿರು ಬಿಡುತ್ತಿದ್ದರು. ಆಮೇಲೆ, ಯಾರ ಮನೆ ಮುಂದೆ ನಿಲ್ಲುತ್ತೇನೋ ಅಲ್ಲಿಗೆ ಎಲ್ಲರೂ ಬರುತ್ತಿದ್ದರು. ನಾನು ಕದ ತಟ್ಟುವಾಗ ಆ ಮನೆಯವರು ಒಂಟಿಯಾಗಿರುತ್ತಿರಲಿಲ್ಲ. ಚಾಚಾನ ಉಪಾಯದ ಹಿರಿಮೆ ಅದು.

ನನ್ನನ್ನು ಸುರಪುರಕ್ಕೆ ಹಾಕಿದಾಗ ಆ ಪದ್ಧತಿಯನ್ನೂ ಜೊತೆಗೆ ಒಯ್ದೆ. ಆ ಊರಿನ ಓಣಿಗಳೂ ಬೇಗ ಕಲಿತವು, ಎಷ್ಟು ಚೆನ್ನಾಗಿ ಕಲಿತವು ಎಂದರೆ ಒಂದು ದಿನ ಅದೇ ನನ್ನ ಕೊರಳಿಗೆ ಬಂತು.

ಸುರಪುರದ ರಂಗಂಪೇಟೆಯಲ್ಲಿ ಭೀಮವ್ವ ಎಂಬಾಕೆ ಇದ್ದಳು. ಗಂಡ ಇರಲಿಲ್ಲ. ನೇಕಾರರ ಮನೆಗಳಿಗೆ ಕಂಡಿಕೆಗೆ ನೂಲು ಸುತ್ತಿಕೊಟ್ಟು ಇಬ್ಬರು ಮಕ್ಕಳನ್ನು ಬೆಳೆಸಿದವಳು. ದೊಡ್ಡವ ಮಲ್ಲಪ್ಪ, ಲಾರಿಯ ಕ್ಲೀನರು, ಸೊಲ್ಲಾಪುರದ ಕಡೆ ಹೋದವನ ಸುದ್ದಿ ಕೆಲವು ದಿನದಿಂದ ಇರಲಿಲ್ಲ. ಕಿರಿಯವಳು ಶಾಂತಾ. ಓಣಿಯಲ್ಲಿ ಹತ್ತನೆಯದು ಮುಗಿಸಿದ ಮೊದಲ ಹುಡುಗಿ. ಕಲಬುರಗಿಯಲ್ಲಿ ನರ್ಸಿನ ತರಬೇತಿಗೆ ಅರ್ಜಿ ಹಾಕಿದ್ದಳು. ಹೆಸರು ಕಾಯುವವರ ಸಾಲಿನಲ್ಲಿತ್ತು.

ಒಂದು ಸಂಜೆ, ಬಿಸಿಲು ಇನ್ನೂ ಕೋಟೆಯ ಗುಡ್ಡದ ಮೇಲೇ ಇತ್ತು, ಸುರಪುರದ ಮಾಸ್ತರರೂ ಯಾದಗಿರಿಯವರ ಹಾಗೇ ಬಾಯಿಗೆ ಅಡಿಕೆ ಎಸೆದುಕೊಂಡರು. ಒಳ್ಳೆಯದು! ಅಷ್ಟೇ ಅಲ್ಲ, ಕಾಯಿದೆಯನ್ನೂ ಮರೆತು ಎದ್ದು ನಿಂತರು. "ಲೇ, ಭೀಮವ್ವನ ಮಗಳಿಗೆ ಸೀಟು ಸಿಕ್ಕದ. ಯಾರೋ ಒಬ್ಬಾಕಿ ಬಂದಿಲ್ಲಂತ. ನಾಳೆ ಮುಂಜಾನೆ ಅಲ್ಲಿ ಇರಬೇಕು, ಇಲ್ಲಾಂದ್ರ ಮತ್ತೊಬ್ಬರಿಗೆ ಕೊಡ್ತಾರ. ಕಲಬುರಗಿ ಬಸ್ಸು ಇನ್ನೇನು ಬರ್ತದ. ಅದು ತಪ್ಪಿದ್ರ ನಾಳಿ ಮಧ್ಯಾಹ್ನದ ತನಕ ಏನಿಲ್ಲ. ಓಡು!"

ನಾನು ಓಡಲಿಲ್ಲ, ಹಾರಿದೆ. ರಂಗಂಪೇಟೆಯ ತಿರುವಿನ ತನಕ ಎಲ್ಲ ಸರಿಯಿತ್ತು. ತಿರುವಿನಲ್ಲಿ ಜಾಲಿಮುಳ್ಳು. ಮುಂದಿನ ಗಾಲಿ ಉಸ್ ಎಂದು ಉಸಿರು ಬಿಟ್ಟು ಕೂತಿತು. ಪಂಕ್ಚರ್ ಅಂಗಡಿ ಹಿಂದೆ, ಬಸ್ ಸ್ಟ್ಯಾಂಡಿನ ಹತ್ತಿರ. ವಾಪಸ್ ಹೋದರೆ ಹುಡುಗಿಯ ಬಸ್ಸು ಹೋದಂತೆ. ಇಳಿದು, ಸೈಕಲ್ಲು ಹಿಡಿದು ನಡೆಯತೊಡಗಿದೆ.

ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಮೊದಲ ಮನೆಯ ಮಗ್ಗ ನಿಂತಿತು. ನನಗೆ ಧಸಕ್ಕೆಂದಿತು. ಅಯ್ಯೋ, ನಾನು ನಡೆಯುತ್ತಿದ್ದೇನಲ್ಲ! ಕೂಡಲೇ ಗಂಟೆ ಹಿಡಿದು ಟಿಣ್ ಟಿಣ್ ಟಿಣ್ ಎಂದು ಬಾರಿಸತೊಡಗಿದೆ. ಒಳ್ಳೆ ಸುದ್ದಿ ಎಂದು ತಿಳಿಯಲಿ ಎಂದು.

ಓಣಿ ಗೊಂದಲಕ್ಕೆ ಬಿತ್ತು. ಗಂಟೆಯೂ ಬಾರಿಸುತ್ತಾನೆ, ನಡೆದೂ ಬರುತ್ತಾನೆ. ಹೀಗೆ ಹಿಂದೆಂದೂ ಆಗಿರಲಿಲ್ಲ. ಕಟ್ಟೆಯ ಮೇಲೆ ಬಸಪ್ಪ ಕಾಕಾ ಕೂತಿದ್ದ. ಓಣಿಯಲ್ಲಿ ಏನೇ ಆದರೂ ಅದರ ಅರ್ಥ ಹೇಳುವ ಜವಾಬ್ದಾರಿ ತನ್ನದೇ ಎಂದು ತಿಳಿದವ. ಬೀಡಿ ತೆಗೆದು ತೀರ್ಪು ಕೊಟ್ಟ: "ಎರಡು ತಾರು ತಂದಾನ. ಒಂದು ಚಲೋದು, ಒಂದು ಕೆಟ್ಟದ್ದು."

ನಾನು ಭೀಮವ್ವನ ಬಾಗಿಲಲ್ಲಿ ನಿಂತಾಗ ಈ ತೀರ್ಪು ನನಗಿಂತ ಮುಂಚೆ ಅಲ್ಲಿ ಮುಟ್ಟಿತ್ತು. ಆಕೆ ರಾಟೆಯ ಮುಂದೆ ಕೂತವಳು ಕೂತಲ್ಲೇ ಇದ್ದಳು. ಕೈಯಲ್ಲಿ ನೂಲಿನ ಎಳೆ ಹಾಗೇ ಇತ್ತು. ಶಾಂತಾ ಓಡಿ ಬಂದು ತಾರು ಇಸಿದುಕೊಂಡು ಒಡೆದಳು, ಓದಿದಳು, ಮುಖ ಅರಳಿತು. "ಯವ್ವಾ, ನನಗ ಸೀಟು ಸಿಕ್ತು! ಈಗಿಂದೀಗ ಹೋಗಬೇಕು!"

ಭೀಮವ್ವ ಆಕೆಯ ಕಡೆ ನೋಡಲೂ ಇಲ್ಲ. ನನ್ನ ಕಡೆ ಕೈ ಚಾಚಿದಳು. "ಇನ್ನೊಂದು ಕೊಡಪ್ಪ."

"ಇನ್ನೊಂದಿಲ್ಲಬೇ. ಗಾಲಿ ಪಂಕ್ಚರ್ ಆಗ್ಯಾದ, ಅದಕ್ಕ ನಡಕೊಂತ ಬಂದೀನಿ."

"ಇನ್ನೊಂದು ಕೊಡು. ನನ್ನ ಮಲ್ಲ್ಯಾಂದು."

ಚೀಲ ತಲೆಕೆಳಗು ಮಾಡಿ ತೋರಿಸಿದೆ. ಅಂಗಿಯ ಕಿಸೆ ಹೊರಗೆಳೆದೆ. ಸೈಕಲ್ಲಿನ ಕಡೆ ಕೈ ಮಾಡಿದೆ. ಬಸಪ್ಪ ಕಾಕಾ ಟೈರು ಒತ್ತಿ ನೋಡಿ, "ಗಾಳಿ ಇವನ ತೆಗದಿರಬೇಕು, ಪಾಪ, ಹುಡುಗಿ ಹೋಗಲಿ ಅಂತ," ಎಂದು ಬಿಟ್ಟ. ಅವನಿಗೆ ಅವತ್ತು ಬಾಯಿಗೆ ಬಂದಂತೆ ಬೈದೆ. ಈಗಲೂ ಬೈಯುತ್ತಿದ್ದೆ, ಅವನೇ ಇಲ್ಲ.

ಆದರೆ ನ್ಯಾಯವಾಗಿ ನೋಡಿದರೆ ಅವನು ಹೇಳಿದ್ದು ನಮ್ಮೂರಲ್ಲಿ ನಡೆಯುವಂಥದ್ದೇ. ಮನೆಯಲ್ಲಿ ಪಯಣಕ್ಕೆ ನಿಂತವರಿದ್ದರೆ ಕೆಟ್ಟ ತಾರು ತಡೆದಿಟ್ಟು, ಅವರು ಹೋದ ಮೇಲೆ ಕೊಡುವುದಿತ್ತು. ಹಾಗಾಗಿ ನಾನು ಎಷ್ಟು ಜೋರಾಗಿ "ಇಲ್ಲ" ಎಂದೆನೋ ಅಷ್ಟು ಗಟ್ಟಿಯಾಗಿ ಅವರಿಗೆ "ಅದೆ" ಎಂದು ಕೇಳಿಸಿತು. ಸುಳ್ಳು ಹೇಳಿದಾಗ ನಂಬುವ ಜನ, ನಿಜ ಹೇಳಿದಾಗ ಹೀಗೆ ಕೈ ಕೊಡುತ್ತಾರೆ. ಯಾರೋ ಒಲೆಗೆ ನೀರು ಹಾಕಿದರು. ಪಕ್ಕದ ಮನೆಯಾಕೆ ಆಗಲೇ ಬುತ್ತಿ ತಂದಿಟ್ಟಿದ್ದಳು, ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಅದಕ್ಕೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹೆಂಗಸರು ಸುತ್ತ ಕೂತು ಸ್ವರ ಎತ್ತಿದರು.

(ಮಲ್ಲಪ್ಪನಿಗೆ ಕೂದಲೂ ಕೊಂಕಿರಲಿಲ್ಲ. ಲಾರಿ ಕೆಟ್ಟು ಸೊಲ್ಲಾಪುರದ ಧಾಬಾ ಒಂದರ ಹೊರಸಿನ ಮೇಲೆ ಆ ಹೊತ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಎರಡು ದಿನ ಬಿಟ್ಟು ಬಂದು, ತನಗಾಗಿ ಇಡೀ ಓಣಿ ಅತ್ತಿತ್ತು ಎಂದು ಕೇಳಿ ಬಹಳ ಖುಷಿಪಟ್ಟ.)

ಶಾಂತಾ ಟ್ರಂಕು ಕಟ್ಟಿ, ಸರ್ಟಿಫಿಕೇಟು ಎದೆಗೆ ಅವಚಿಕೊಂಡು ಹೊಸ್ತಿಲಿಗೆ ಬಂದಳು. ಭೀಮವ್ವ ಆಕೆಯ ಮುಂಗೈ ಹಿಡಿದಳು. ಜೋರಾಗಿ ಹಿಡಿದಿರಲಿಲ್ಲ, ಆದರೆ ಬಿಡುವ ಹಾಗೂ ಕಾಣಲಿಲ್ಲ. "ಒಬ್ಬ ಹ್ವಾದ. ನೀನೂ ಹೋಗತಿ? ಮೊದಲ ನನ್ನ ಮಗನ್ನ ತಂದು ತೋರಸ್ರಿ, ಆಮ್ಯಾಗ ಎಲ್ಲಿಗ್ಯಾರ ಹೋಗು." ಶಾಂತಾ ನನ್ನ ಕಡೆ ನೋಡಿದಳು. ಆಕೆ ನನಗಿಂತ ವರ್ಷವೋ ಎರಡು ವರ್ಷವೋ ದೊಡ್ಡವಳು. ಕಣ್ಣಲ್ಲೇ ಕೇಳಿದಳು, ಏನಾದರೂ ಮಾಡೋ ಎಂದು. ಆ ಹುಡುಗಿಯ ಬಾಳು ನನ್ನ ಪಂಕ್ಚರ್ ಗಾಲಿಯ ಕೆಳಗೆ ಸಿಕ್ಕಿಕೊಂಡಿತ್ತು.

ಖಾಸಿಂ ಚಾಚಾ ಹೇಳಿದ ಇನ್ನೊಂದು ಮಾತು ಆಗ ನೆನಪಾಯಿತು. ಗಂಟೆಯ ಮಾತಿನ ಜೊತೆಗೇ ಹೇಳಿದ್ದ: ಸಾವಿನ ಸುದ್ದಿ ಒಯ್ದ ಮನೆಯಲ್ಲಿ ಒಂದು ಗುಟುಕು ನೀರನ್ನೂ ಕುಡಿಯಬೇಡ. ಯಾರು ಎಷ್ಟು ಕರೆದರೂ ಕೂಡಬೇಡ. ನಾವು ಇದನ್ನು ಯಾವತ್ತೂ ಮೀರಿದವರಲ್ಲ, ಅದು ಊರಿಗೆಲ್ಲ ಗೊತ್ತಿತ್ತು. ಬಿಸಿಲಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿದರೂ ತಾರಿನವ ಅಂಥ ಮನೆಯ ಕೊಡ ಮುಟ್ಟುವುದಿಲ್ಲ.

ನಾನು ಚಪ್ಪಲಿ ಬಿಟ್ಟೆ. ನೆಟ್ಟಗೆ ಒಳಗೆ ಹೋಗಿ, ಅಳುವ ಹೆಂಗಸರ ನಡುವೆ ಜಾಗ ಮಾಡಿಕೊಂಡು, ಭೀಮವ್ವನ ಎದುರು ಚಕ್ಕಂಬಕ್ಕಳ ಹಾಕಿ ಕೂತೆ. ಬುತ್ತಿಯ ಗಂಟು ನನ್ನ ಕಡೆ ಎಳೆದುಕೊಂಡು ಬಿಚ್ಚಿದೆ.

"ಯವ್ವಾ, ಹಸಿವಾಗ್ಯಾದ," ಎಂದು ರೊಟ್ಟಿ ಮುರಿದು ಬಾಯಿಗಿಟ್ಟೆ.

ಅಳು ನಿಂತಿತು. ಒಬ್ಬಾಕೆ "ಏ ಹಾಟ್ಯಾ!" ಎಂದು ಬೈದು ಚೀರಿದಳು. ನಾನು ಪುಂಡಿಪಲ್ಯ ಹಚ್ಚಿ ಇನ್ನೊಂದು ತುತ್ತು ಇಟ್ಟೆ. ಭೀಮವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಅಗಿದೆ, ನುಂಗಿದೆ, ಮತ್ತೆ ಮುರಿದೆ. ಮೊದಲ ರೊಟ್ಟಿ ಮುಗಿಯಿತು. ಎರಡನೆಯದಕ್ಕೆ ಕೈ ಹಾಕಿದೆ. ಆಕೆಯ ಹುಬ್ಬು ಸ್ವಲ್ಪ ಸಡಿಲಾಯಿತು.

"ತಿನ್ನಾಕತ್ತಾನ," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ಬಸಪ್ಪ ಕಾಕಾನ ಕಡೆ ತಿರುಗಿ, "ತಿನ್ನಾಕತ್ತಾನ ನೋಡೋ," ಎಂದಳು. ಅರ್ಥ ಹೇಳುವ ಕಾಕಾನಿಗೂ ಇದಕ್ಕೆ ಬೇರೆ ಅರ್ಥ ಸಿಗಲಿಲ್ಲ. "ಹೌದಲಾ," ಎಂದ.

ಭೀಮವ್ವ ಮಗಳ ಕೈ ಬಿಟ್ಟಳು.

ಉಳಿದ ಬುತ್ತಿಯಲ್ಲಿ ಅರ್ಧ ಶಾಂತಾಳ ಸೆರಗಿಗೆ ಬಂತು, ಯಾರು ಕಟ್ಟಿದರೋ. ಸಾವಿಗೆಂದು ತಂದ ರೊಟ್ಟಿ ಕಟ್ಟಿಕೊಂಡು ಹೋದ ಆ ಹುಡುಗಿ ಮುಂದೆ ನರ್ಸಮ್ಮನಾಗಿ ಈ ಸೀಮೆಯ ಎಷ್ಟು ಕೂಸುಗಳನ್ನು ಕೈಯಲ್ಲಿ ಹಿಡಿದಳೋ ಲೆಕ್ಕವಿಲ್ಲ. ಅವತ್ತು ಆಕೆ ತಾಯಿಯ ಕಾಲು ಮುಟ್ಟಿ, ಬಸಪ್ಪ ಕಾಕಾನ ತಲೆಯ ಮೇಲೆ ಟ್ರಂಕು ಹೊರಿಸಿ ಓಡಿದಳು. ಕಾಕಾನೂ ಓಡಿದ. ಅವನು ಓಡಿದ್ದನ್ನು ಓಣಿ ಮೊದಲ ಸಲ ನೋಡಿತು.

ನನ್ನ ಕೆಲಸ ಮಾತ್ರ ಮುಗಿದಿರಲಿಲ್ಲ. ಭೀಮವ್ವನ ಕಣ್ಣು ಇನ್ನೂ ನನ್ನ ಬಾಯಿಯ ಮೇಲೇ ಇತ್ತು. ನಾನು ನಿಲ್ಲಿಸಿದರೆ ಆಕೆಯ ಎದೆಯಲ್ಲಿ ಮತ್ತೆ ಅನುಮಾನ ಏಳುತ್ತದೆ, ಎದ್ದು ಓಡಿ ಮಗಳನ್ನು ಬಸ್ ಸ್ಟ್ಯಾಂಡಿನಿಂದ ಎಳೆದು ತರುತ್ತಾಳೆ. ಅದು ನನಗೆ ಖಾತ್ರಿಯಿತ್ತು. ಹಾಗಾಗಿ ಮೂರನೆಯ ರೊಟ್ಟಿ ಮುರಿದೆ. ಮಧ್ಯಾಹ್ನ ಒಂದು ಮನೆಯಲ್ಲಿ ಗಂಡು ಕೂಸು ಹುಟ್ಟಿದ ತಾರು ಕೊಟ್ಟು ಹೊಟ್ಟೆ ಬಿರಿಯುವಂತೆ ಬೆಲ್ಲದ ಸಜ್ಜಕ ಹೊಡೆದು ಬಂದಿದ್ದೆ. ಈಗ ಒಣ ರೊಟ್ಟಿ ಗಂಟಲಲ್ಲಿ ಅಡ್ಡ ನಿಂತಿತು. ಪಲ್ಯ ಮುಗಿದು ಬರೀ ಶೇಂಗಾ ಹಿಂಡಿ ಉಳಿದಿತ್ತು, ಬೆಂಕಿಯಂಥ ಖಾರ. ಕಣ್ಣಲ್ಲಿ ನೀರು ತುಂಬಿತು.

ಎಪ್ಪಾ, ಅಲ್ಲಿ ಹೆದರಿದೆ! ಆ ನೀರು ಕೆಳಗಿಳಿದರೆ, ಇವನು ಮಲ್ಲಪ್ಪನಿಗಾಗಿ ಅಳುತ್ತಿದ್ದಾನೆ ಎಂದು ಆಕೆ ತಿಳಿದರೆ, ಮುಗಿಯಿತು. ಮುಖ ಮೇಲೆತ್ತಿ, ಜಂತಿ ಎಣಿಸುವವನಂತೆ ನೋಡುತ್ತ ಅಗಿದೆ. ನಿಜ ಹೇಳಬೇಕೆಂದರೆ ಆ ನೀರೆಲ್ಲ ಖಾರದ್ದಲ್ಲ. ಆ ತಾಯಿಯ ಬರಿಗೈ ನೆಲದ ಮೇಲೆ ಬಿದ್ದಿತ್ತು, ಮಗಳ ಮುಂಗೈ ಹಿಡಿದ ಆಕಾರದಲ್ಲೇ ಇತ್ತು. ಅದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು. ಅದಕ್ಕೇ ನೋಡದೆ ತಿಂದೆ.

ನೀರು ಕೇಳುವಂತಿರಲಿಲ್ಲ, ಬಾಯಿ ಖಾಲಿ ಇದ್ದರಲ್ಲವೇ ಕೇಳುವುದು. ನಾಲ್ಕನೆಯ ರೊಟ್ಟಿಗೆ ಕೈ ಹಾಕಿದಾಗ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು. ಮನೆಯಲ್ಲಿ ಆಕೆ, ನಾನು, ರಾಟೆ. ನಾನು ಅಗಿಯುವ ಸಪ್ಪಳ ನನಗೇ ಕೇಳಿಸುತ್ತಿತ್ತು. ದೂರದಲ್ಲಿ, ಬಸ್ ಸ್ಟ್ಯಾಂಡಿನ ಕಡೆಯಿಂದ, ಬಸ್ಸು ಗುರ್ ಎಂದಿತು. ಹಾರ್ನ್ ಹಾಕಿತು. ಇಳಿಜಾರಿನಲ್ಲಿ ಗೇರು ಬದಲಿಸಿತು. ಸಪ್ಪಳ ಸಣ್ಣದಾಗುತ್ತ ಹೋಗಿ ಶಹಾಪುರದ ರಸ್ತೆ ಹಿಡಿಯಿತು. ನಾನು ನಿಲ್ಲಿಸಲಿಲ್ಲ, ಇನ್ನೊಂದು ತುತ್ತು ಮುರಿದೆ.

ಭೀಮವ್ವ ಎದ್ದಳು. ಕೊಡದಿಂದ ಒಂದು ತಂಬಿಗೆ ನೀರು ಬಗ್ಗಿಸಿ ತಂದು ನನ್ನ ಮುಂದೆ ಇಟ್ಟಳು. ನನ್ನ ಕೈಯಲ್ಲಿದ್ದ ತುತ್ತನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಸಾಕು ಬಿಡೋ ನನ್ನಪ್ಪ," ಎಂದಳು. "ಬಸ್ ಹೋತು."